ಕಣಜದ ಮೇಲಿನ ಹೆಸರು

ವಸ್ತು ಹೋದ ಮೇಲೂ ಅದರ ಹೆಸರು ಉಳಿಯುವುದು ಲೋಕದ ವಾಡಿಕೆ. ಬೆಂಗಳೂರಿನ ಪ್ರಯಾಣಿಕರ ವಿಮಾನಗಳು 2008ನೆಯ ಮೇ ತಿಂಗಳಲ್ಲಿ ದೇವನಹಳ್ಳಿಗೆ ತೆರಳಿದುವು. ಆದರೂ ಮಾರತ್ತಹಳ್ಳಿಗೆ ಬರುವ ದಾರಿಯನ್ನು ಜನರು ಇಂದಿಗೂ ಹಳೆಯ ವಿಮಾನನಿಲ್ದಾಣದ ರಸ್ತೆಯೆಂದೇ ಕರೆಯುತ್ತಾರೆ. ಮೊದಲಿಗೆ 'ಹಳೆಯ' ಎಂಬ ಮಾತು ಇರುವುದರಿಂದ ಯಾರಿಗೂ ಮೋಸವಿಲ್ಲ.

ಅದೇ ಮಾರತ್ತಹಳ್ಳಿಯ ಕಚೇರಿಯೊಂದರಲ್ಲಿ ದುಡಿಯುವ ಎಂಜಿನಿಯರನೊಬ್ಬನಿಗೆ ಇಂತಹುದೇ ಒಂದು ಹೆಸರು ಕೆಲವು ದಿನ ನಿದ್ರೆಗೆಡಿಸಿತು. ಆತನ ಕೆಲಸ ಕ್ಯೂಎಮು ಎಂಬ ತಂತ್ರಾಂಶದೊಡನೆ. ಫಾಬ್ರಿಸ್ ಬೆಲ್ಲಾರ್ ಎಂಬ ಫ್ರೆಂಚ್ ಗೃಹಸ್ಥನು 2003ರಲ್ಲಿ ಆರಂಭಿಸಿದ ಈ ತಂತ್ರಾಂಶವು ಒಂದು ಕಂಪ್ಯೂಟರಿನೊಳಗೆ ಹಲವು ಕಂಪ್ಯೂಟರುಗಳನ್ನು ತೋರಿಸಬಲ್ಲದು. ದೊಡ್ಡ ಯಂತ್ರಗಳಲ್ಲಿ ಎರಡು ಪ್ರೊಸೆಸರುಗಳಿದ್ದರೆ, ಒಂದೊಂದರ ಪಕ್ಕದಲ್ಲಿಯೂ ಮೆಮೊರಿಯ ಒಂದು ಪಾಲಿರುತ್ತದೆ. ಎರಡು ಅಡಿಗೆಮನೆಗಳ ಪಕ್ಕದಲ್ಲಿ ಎರಡು ಕಣಜಗಳಿದ್ದಂತೆ. ಹತ್ತಿರದ ಕಣಜದಿಂದ ತೆಗೆಯುವುದು ಶೀಘ್ರ, ಆಚೆಯದರಿಂದ ತರುವುದು ವಿಳಂಬ. ಇದಕ್ಕೆ ನ್ಯೂಮಾ ವ್ಯವಸ್ಥೆಯೆಂದು ಹೆಸರು.

ಒಳಗಿನ ಯಂತ್ರಕ್ಕೆ ಹೀಗೆ ಪಾಲು ಹಂಚಲು ಕ್ಯೂಎಮುವಿನಲ್ಲಿ 'ಮೆಮ್' ಎಂಬ ಆಜ್ಞೆಯಿತ್ತು. ಅದು ಕಣಜದ ಮೇಲೆ ಹೆಸರನ್ನು ಬರೆಯುತ್ತಿತ್ತೇ ಹೊರತು, ಧಾನ್ಯವು ನಿಜವಾಗಿ ಯಾವ ಕಣಜದಿಂದ ಬರುವುದೆಂಬುದನ್ನು ಗೊತ್ತುಮಾಡುತ್ತಿರಲಿಲ್ಲ. 2014ರಲ್ಲಿ 'ಮೆಮ್‌ಡೆವ್' ಎಂಬ ಹೊಸ ಆಜ್ಞೆ ಬಂದು, ಹೊರಗಿನ ಯಂತ್ರದ ನಿಶ್ಚಿತ ಭಾಗಕ್ಕೆ ಆ ಪಾಲನ್ನು ಕಟ್ಟಿಹಾಕುವ ಮಾರ್ಗವೊದಗಿತು. 2019ರಲ್ಲಿ 4.1ನೆಯ ಆವೃತ್ತಿಯೊಡನೆ ಹಳೆಯದಕ್ಕೆ ನಿವೃತ್ತಿಯ ಸೂಚನೆಯಾಯಿತು, 2020ರ 5.1ನೆಯ ಆವೃತ್ತಿಯಿಂದ ಹೊಸ ಮಾದರಿಯ ಯಂತ್ರಗಳು ಅದನ್ನು ಸ್ವೀಕರಿಸುವುದನ್ನೇ ಬಿಟ್ಟವು.

ಆ ಸೂಚನೆಯನ್ನು ಓದಿದಾಗ ಎಂಜಿನಿಯರನಿಗೆ ಕಷ್ಟವಾದುದು ಕೆಲಸ ಹೆಚ್ಚಿತೆಂದಲ್ಲ. "ಮೆಮೊರಿಯನ್ನು ಸರಿಯಾಗಿ ಹಂಚಿದ್ದೇನೆ" ಎಂದು ಹಿರಿಯರ ಮುಂದೆ ಹಲವು ವರ್ಷ ಹೇಳಿಕೊಂಡು ಬಂದಿದ್ದನು. ಹಂಚಿದುದು ಬರಿಯ ಹೆಸರನ್ನು. ನಿಧಾನದ ದೂರುಗಳು ಬಂದಾಗಲೆಲ್ಲ ತಪ್ಪನ್ನು ಬೇರೆಡೆ ಹುಡುಕಿದ್ದನು. ನಾಚಿಕೆಯ ಭರದಲ್ಲಿ, ಎಲ್ಲವನ್ನೂ ಒಂದೇ ರಾತ್ರಿಯಲ್ಲಿ ಬದಲಿಸಿ ಗುರುತನ್ನೇ ಅಳಿಸಿಬಿಡಬೇಕೆಂದು ಆತನಿಗೆ ಅನ್ನಿಸಿತು.

ಆದರೆ ತಂತ್ರಾಂಶವನ್ನು ಕಟ್ಟಿದವರು ಅಷ್ಟು ಅವಸರಪಟ್ಟಿರಲಿಲ್ಲ. ಒಳಗಿನ ಯಂತ್ರವನ್ನು ನಿಲ್ಲಿಸದೆಯೇ ಒಂದು ಕಂಪ್ಯೂಟರಿನಿಂದ ಮತ್ತೊಂದಕ್ಕೆ ಸಾಗಿಸುವುದುಂಟು. ಎರಡು ಕಡೆಯ ಮೆಮೊರಿಯ ವಿವರಗಳು ಹೊಂದದಿದ್ದರೆ ಆ ಪ್ರಯಾಣ ಕೆಡುತ್ತದೆ. ಆದುದರಿಂದ ಹಳೆಯ ಮಾದರಿಯ ಯಂತ್ರಗಳಿಗೆ ಹಳೆಯ ಆಜ್ಞೆಯನ್ನು ಹಾಗೆಯೇ ಉಳಿಸಿದ್ದರು. ಹೊಸಬರಿಗೆ ಬಾಗಿಲು ಮುಚ್ಚಿತು. ಒಳಗಿದ್ದವರನ್ನು ಯಾರೂ ಹೊರದೂಡಲಿಲ್ಲ.

ಇನ್ನೊಂದು ಸಂಗತಿಯನ್ನೂ ಆತನು ಕಂಡುಕೊಂಡನು: 'ಮೆಮ್‌ಡೆವ್' ಎಂದು ಬರೆದ ಮಾತ್ರಕ್ಕೆ ಫಲವಿಲ್ಲ, ಯಾವ ಭಾಗಕ್ಕೆ ಕಟ್ಟಬೇಕೆಂಬುದನ್ನು ಹೇಳದಿದ್ದರೆ ಹಳೆಯ ಹುಸಿಯೇ ಹೊಸ ಹೆಸರಿನಲ್ಲಿ ಮುಂದುವರಿಯುತ್ತದೆ.

ಮರುದಿನ ಹಿರಿಯರಿಗೆ ಇದ್ದುದನ್ನು ಇದ್ದಂತೆ ತಿಳಿಸಿದನು. ಹೊಸ ಯಂತ್ರಗಳನ್ನೆಲ್ಲ ಹೊಸ ರೀತಿಯಲ್ಲಿ, ಕಣಜವನ್ನು ಗೊತ್ತುಮಾಡಿಯೇ ನಿಲ್ಲಿಸಿದನು. ನಡೆಯುತ್ತಿದ್ದ ಹಳೆಯವನ್ನು, ಅವುಗಳ ಕಾಲ ಮುಗಿಯುವವರೆಗೆ, ಮುಟ್ಟಲಿಲ್ಲ. ಅವುಗಳ ಪಟ್ಟಿಯ ತಲೆಯಲ್ಲಿ ಮಾತ್ರ ಒಂದು ಮಾತನ್ನು ಸೇರಿಸಿದನು: 'ಹಳೆಯದು.'