ಸಂಘ ಬೆಳೆದಾಗ ಲಟ್ಟಣಿಗೆ ಯಾರ ಕೈಲಿ?

ನಾಲ್ಕು ಜನಕ್ಕೆ ಸಾರು ಮಾಡುವಾಗ ಉಪ್ಪು ಎಷ್ಟು ಅಂತ ಕೈಗೇ ಗೊತ್ತಿರುತ್ತೆ. ಅದೇ ನಾನೂರು ಜನರ ಮದುವೆ ಅಡುಗೆ ಅಂದರೆ ಉಪ್ಪಿಗೊಬ್ಬರು, ಹುಳಿಗೊಬ್ಬರು, ಉಗ್ರಾಣದ ಬೀಗದಕೈಗೊಬ್ಬರು. ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡವರು ಸ್ನಾನಕ್ಕೆ ಹೋದರೋ, ಸಾರು ಸುಮ್ಮನೆ ಕುದಿಯುತ್ತಾ ಕೂತಿರುತ್ತೆ! ಚಿಕ್ಕದಾಗಿ ಶುರುವಾಗಿ, ಚೆನ್ನಾಗಿ ನಡೆದು, ದೊಡ್ಡದಾದ ಉದ್ಯೋಗಗಳಿಗೆಲ್ಲ ಅಂಟುವ ರೋಗ ಇದೇ. ಬೆಂಗಳೂರಿನ ಕಂಪನಿಗಳಿಗೂ ಇದೇ, ನಮ್ಮ ಬೀದಿಯ ಹಪ್ಪಳದ ಗುಂಪಿಗೂ ಇದೇ.

ನಮ್ಮದು ಮೊದಲು ಒಂಬತ್ತು ಜನರ ಗುಂಪು. ಊಟದ ಪಾತ್ರೆ ತೊಳೆದಿಟ್ಟು ಒಬ್ಬರ ಮನೆ ಪಡಸಾಲೆಯಲ್ಲಿ ಸೇರುತ್ತಿದ್ದೆವು. ಮೆಣಸು ಸಾಲದಾದರೆ ಯಾರೋ ಒಬ್ಬರು ಚಪ್ಪಲಿ ಮೆಟ್ಟಿ ಅಂಗಡಿಗೆ ಹೋಗಿ ತರುತ್ತಿದ್ದರು, ಅಷ್ಟೇ. ಈಗ ಮೂವತ್ತಾರು ಜನ. ಅಧ್ಯಕ್ಷೆ, ಉಪಾಧ್ಯಕ್ಷೆ, ಕಾರ್ಯದರ್ಶಿ, ಖಜಾಂಚಿ, ಮೇಲೊಂದು ಖರೀದಿ ಸಮಿತಿ. ಕಳೆದ ತಿಂಗಳು ಇಂಗು ಮುಗಿಯಿತು. ಇಂಗು ತರೋಕೆ ಮೂವರ ರುಜು ಬೇಕು. ಖಜಾಂಚಿ ಮಗಳ ಬಾಣಂತನಕ್ಕೆ ಹೋಗಿದ್ದರು. ನಾಲ್ಕು ದಿನ ಮೂವತ್ತಾರು ಲಟ್ಟಣಿಗೆಗಳಿಗೂ ರಜ! ನಮ್ಮಂಥವರಿಗೆ ಅದೇನು ಮಹಾ ಅನ್ನಬಹುದು. ಆದರೆ ಮೂಲೆಮನೆ ಅತ್ತೆಗೆ ರಕ್ತದೊತ್ತಡದ ಮಾತ್ರೆ ಬರೋದೇ ಈ ದುಡ್ಡಿನಿಂದ. ಮೊದಲಾದರೆ ಆಯಾ ದಿನದ ಕೂಲಿ ಆ ದಿನವೇ ಕೊಡುತ್ತಿದ್ದೆವು. ಈಗ ಲೆಕ್ಕ ಸರಿಯಾಗಿರಲಿ ಅಂತ ತಿಂಗಳ ಕೊನೆಗೆ. ಮಾತ್ರೆ ತಿಂಗಳ ಕೊನೆವರೆಗೆ ಕಾಯುತ್ತದೆಯೇ, ನೀವೇ ಹೇಳಿ.

ಈ ಗೊಂದಲದಲ್ಲೇ ನನಗೆ ಲಿಜ್ಜತ್ ಹಪ್ಪಳದವರ ಕಥೆ ಮತ್ತೆ ಮತ್ತೆ ನೆನಪಾಗೋದು. ಹಪ್ಪಳ ನೀವೆಲ್ಲ ಕರಿದು ತಿಂದವರೇ, ಕಥೆ ಮಾತ್ರ ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ.

1959ರ ಮಾರ್ಚ್ 15. ಮುಂಬಯಿಯ ಗಿರ್ಗಾಂವ್‌ನಲ್ಲಿ ಜಸವಂತಿಬೆನ್ ಪೋಪಟ್ ಮತ್ತು ಆರು ಮಂದಿ ನೆರೆಹೊರೆಯ ಗುಜರಾತಿ ಗೃಹಿಣಿಯರು ಮನೆಯ ಮಾಳಿಗೆ ಮೇಲೆ ಕೂತು ಹಪ್ಪಳ ಒತ್ತಿದರು. ಬಂಡವಾಳ 80 ರೂಪಾಯಿ, ಅದೂ ಛಗನ್‌ಲಾಲ್ ಪಾರೇಖ್ ಎಂಬ ಹಿರಿಯರಿಂದ ಪಡೆದ ಸಾಲ. ಮೊದಲ ದಿನ ಆದದ್ದು ನಾಲ್ಕು ಪೊಟ್ಟಣ. ಯಾರ ಹತ್ತಿರವೂ ದಾನ ಕೇಳಬಾರದು, ನಷ್ಟವಾದರೂ ಕೈಯೊಡ್ಡಬಾರದು ಅಂತ ಆಗಲೇ ಗಟ್ಟಿಮಾಡಿಕೊಂಡರಂತೆ. ಮೊದಲ ವರ್ಷ ಮಳೆಗಾಲದಲ್ಲಿ ಒಣಗಿಸಲಾಗದೆ ನಾಲ್ಕು ತಿಂಗಳು ಕೆಲಸ ನಿಂತಿತು. ಮರುವರ್ಷ ಒಂದು ಮಂಚ, ಒಂದು ಸ್ಟೌ ಕೊಂಡರು. ಮಂಚದ ಮೇಲೆ ಹಪ್ಪಳ, ಮಂಚದ ಕೆಳಗೆ ಸ್ಟೌ! ಇಂಥ ಉಪಾಯ ಯಾವ ಸಮಿತಿಗೂ ಹೊಳೆಯೋದಿಲ್ಲ, ಒದ್ದೆ ಹಪ್ಪಳ ಕಣ್ಣೆದುರು ಇಟ್ಟುಕೊಂಡು ಕೂತವರಿಗೇ ಹೊಳೆಯೋದು.

ಜನ ಹೆಚ್ಚಾದರು. ಮಾಳಿಗೆ ಸಾಲದಾಯಿತು. ಬೇರೆಯವರಾಗಿದ್ದರೆ ದೊಡ್ಡ ಶೆಡ್ ಹಾಕಿ, ಮೇಸ್ತ್ರಿ ಇಟ್ಟು, ಗಂಟೆ ಬಾರಿಸುತ್ತಿದ್ದರೇನೋ. ಇವರು ಹಿಟ್ಟನ್ನಷ್ಟೇ ಒಂದೇ ಕಡೆ ಕಲಸಿ, ಉಂಡೆಯನ್ನು ಅವರವರ ಮನೆಗೆ ಕೊಟ್ಟು ಕಳಿಸಿದರು. ಮನೆಯಲ್ಲೇ ಒತ್ತಿ ಒಣಗಿಸಿ ವಾಪಸು ತಂದರೆ ತೂಕ ಹಾಕಿ, ನೋಡಿ, ಪೊಟ್ಟಣ ಕಟ್ಟೋದು. ಇವತ್ತಿಗೂ ಕ್ರಮ ಹೆಚ್ಚುಕಡಿಮೆ ಅದೇ. ಈಗ 45 ಸಾವಿರದಷ್ಟು ಹೆಂಗಸರಿದ್ದಾರೆ, 80ಕ್ಕೂ ಹೆಚ್ಚು ಶಾಖೆಗಳಿವೆ. ಜಸವಂತಿಬೆನ್‌ರಿಗೆ 2021ರಲ್ಲಿ ಪದ್ಮಶ್ರೀ ಬಂತು.

ಇಷ್ಟು ಬೆಳೆದೂ ಜಡವಾಗದೆ ಇದ್ದದ್ದು ಹೇಗೆ ಅಂತ ಯೋಚಿಸಿದರೆ ನನಗೆ ಕಾಣೋದು ಇದು. ಅವರು ಒಂದೇ ಹಂಡೆಯನ್ನು ದೊಡ್ಡದು ಮಾಡುತ್ತಾ ಹೋಗಲಿಲ್ಲ, ಹೊಸ ಹೊಸ ಒಲೆ ಹೂಡುತ್ತಾ ಹೋದರು. ಪ್ರತಿ ಶಾಖೆಗೂ ಅದರದೇ ಸಂಚಾಲಿಕೆ. ಲಾಭವಾಗಲಿ ನಷ್ಟವಾಗಲಿ ಆ ಶಾಖೆಯ ಹೆಂಗಸರದೇ. ಸದಸ್ಯರೆಲ್ಲರೂ ಮಾಲೀಕರೇ, ಒಬ್ಬರನ್ನೊಬ್ಬರು ಕರೆಯೋದು ಬೆನ್, ಅಂದರೆ ಅಕ್ಕತಂಗಿ, ಅಂತ. ಮೇಲೆ 21 ಜನರ ಒಂದು ಸಮಿತಿ ಇದೆ, ಅವರೂ ಇದೇ ಸದಸ್ಯೆಯರೇ. ಹಪ್ಪಳ ಒತ್ತಿ ಗೊತ್ತಿದ್ದವರಿಗೆ ಇಂಗು ಮುಗಿದರೆ ಏನಾಗುತ್ತೆ ಅಂತ ಅರ್ಜಿ ಬರೆದು ತಿಳಿಸಬೇಕೇ? ಎಲ್ಲ ಕಡೆ ಒಂದೇ ಆಗಿರೋದು ಸಾಮಗ್ರಿ ಮತ್ತು ರುಚಿ. ಅದರಲ್ಲಿ ಮಾತ್ರ ಬಿಗಿ, ಬಹಳ ಬಿಗಿ.

ಎಲ್ಲವೂ ಸಲೀಸಾಗಿ ನಡೆಯಿತು ಅಂತಲ್ಲ. 1961ರಲ್ಲಿ ಮಲಾಡ್‌ನಲ್ಲಿ ತೆರೆಯಲು ಹೋದ ಶಾಖೆ ಹತ್ತಲಿಲ್ಲ. ಒಬ್ಬರು ಬೇಡ ಅಂದರೂ ದೊಡ್ಡ ನಿರ್ಧಾರ ನಿಲ್ಲಬಹುದು ಎಂಬ ಅವರ ಪದ್ಧತಿ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ನಮ್ಮ ಗುಂಪಿನಲ್ಲಿ ಅದನ್ನು ತಂದರೆ ಯುಗಾದಿಗೆ ಎತ್ತಿದ ಮಾತು ದೀಪಾವಳಿಗೂ ಮುಗಿಯಲಿಕ್ಕಿಲ್ಲ!

ನನ್ನ ಓರಗಿತ್ತಿ ಮಗಳು ಬೆಂಗಳೂರಿನ ಒಂದು ಕಂಪನಿಯಲ್ಲಿದ್ದಾಳೆ. "ದೊಡ್ಡಮ್ಮಾ, ಒಬ್ಬ ಮ್ಯಾನೇಜರ್ ಇಟ್ಟುಬಿಡಿ, ಎಲ್ಲ ಸರಿಹೋಗುತ್ತೆ" ಅಂದಳು. "ನಿಮ್ಮಲ್ಲಿ ಸರಿಹೋಗಿದೆಯೇನೇ?" ಅಂದೆ. ನಕ್ಕಳು. ಎಂಟು ಜನ ಇದ್ದಾಗ ಸಂಜೆಯೊಳಗೆ ಮುಗಿಯುತ್ತಿದ್ದ ಕೆಲಸಕ್ಕೆ ಈಗ ಮೂರು ಮೀಟಿಂಗ್ ಆಗಬೇಕಂತೆ.

ಮುಂದಿನ ಶುಕ್ರವಾರ ನಮ್ಮ ಸಭೆ. ನಾನು ಒಂದು ಕಾಗದದಲ್ಲಿ ಬರೆದಿಟ್ಟುಕೊಂಡಿದ್ದೇನೆ. ಮೂವತ್ತಾರು ಜನ ಒಂದೇ ಗುಂಪಾಗಿರೋದು ಬೇಡ, ರಥಬೀದಿಗೆ ಹನ್ನೆರಡು, ಕೆರೆಕೋಡಿಗೆ ಹನ್ನೆರಡು, ನಮ್ಮ ಬೀದಿಗೆ ಹನ್ನೆರಡು. ಉದ್ದಿನಬೇಳೆ ಮಾತ್ರ ಒಟ್ಟಿಗೆ ತರೋಣ, ಅಗ್ಗ ಬೀಳುತ್ತೆ. ಇಂಗು, ಮೆಣಸು, ಪ್ಲಾಸ್ಟಿಕ್ ಚೀಲಕ್ಕೆ ಐನೂರು ರೂಪಾಯಿವರೆಗೆ ಯಾರ ರುಜುವೂ ಬೇಡ, ಚೀಟಿ ತಂದಿಟ್ಟರೆ ಸಾಕು. ಅಧ್ಯಕ್ಷೆಯಾದವರೂ ವಾರಕ್ಕೆ ಎರಡು ದಿನ ಮಣೆ ಮುಂದೆ ಕೂರಬೇಕು. ಕೂಲಿ ದಿನದ ದಿನವೇ.

ಅಧ್ಯಕ್ಷೆಗೆ ಸಿಟ್ಟು ಬರಬಹುದು. ಹತ್ತು ವರ್ಷದ ಸ್ನೇಹ, ಒಂದೇ ಕೊಡಪಾನದಲ್ಲಿ ನೀರು ಹಂಚಿಕೊಂಡವರು ನಾವು. ಆದರೂ ಹೇಳಲೇಬೇಕು. ಮೂಲೆಮನೆ ಅತ್ತೆಗೂ ಬರೋಕೆ ಹೇಳಿದ್ದೇನೆ. "ನಾನೇನು ಮಾತಾಡಲಮ್ಮಾ" ಅಂತಾರೆ. ಮಾತಾಡೋದು ಬೇಡ, ಎದುರಿಗೆ ಕೂತಿದ್ದರೆ ಸಾಕು ಅಂದಿದ್ದೇನೆ.