ಹಲ್ಲಿನ ಅಂಚು

ಅಂಚು ಎಂಬುದು ಎರಡೇ ಅಕ್ಷರದ ಮಾತಾದರೂ ಅದರ ಅಧಿಕಾರ ದೊಡ್ಡದು. ಸೀರೆಯ ಬೆಲೆಯನ್ನು ಒಡಲಿಗಿಂತ ಅಂಚೇ ನಿರ್ಣಯಿಸುತ್ತದೆ. ಹೊಲದ ಅಂಚು ಒಂದು ಗೇಣು ಸರಿದರೆ ಒಡಹುಟ್ಟಿದವರು ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ. ಓಲೆಗರಿಯ ಅಂಚನ್ನು ಹುಳು ತಿಂದರೆ ಕವಿಯ ಅರ್ಧ ಪದ್ಯ ನಷ್ಟವಾಗಿ, ನನ್ನಂತಹ ಕನ್ನಡ ಉಪನ್ಯಾಸಕರಿಗೆ ಜೀವಮಾನವೆಲ್ಲ ಚರ್ಚಿಸಲು ವಿಷಯ ದೊರೆಯುತ್ತದೆ. ಆದರೆ ಮನುಷ್ಯನ ಬಾಯಿಯೊಳಗೂ ಇಂತಹುದೊಂದು ಅಂಚು ಉಂಟೆಂದೂ, ಅದು ಕೂದಲೆಳೆಯಷ್ಟು ತಪ್ಪಿದರೂ ಕಾಲಕ್ರಮದಲ್ಲಿ ಹಲ್ಲನ್ನೇ ಕಳೆದುಕೊಳ್ಳಬೇಕಾಗಬಹುದೆಂದೂ ನನಗೆ ತಿಳಿಸಿಕೊಟ್ಟವರು ಇಬ್ಬರು. ಒಬ್ಬರು ನನ್ನ ತಾಯಿ. ಇನ್ನೊಬ್ಬನು ನನ್ನ ಹೆಂಡತಿಯ ತಮ್ಮ.

ಅಮ್ಮನ ಎಡಗಡೆಯ ದವಡೆಹಲ್ಲೊಂದಕ್ಕೆ ಆರು ವರ್ಷಗಳ ಹಿಂದೆ ಒಂದು ಚಿಕಿತ್ಸಾಲಯದಲ್ಲಿ ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಿದ್ದರು. ಕ್ಯಾಪು ನೋಡುವುದಕ್ಕೆ ಮುದ್ದಾಗಿತ್ತು. ಅದರ ಬಣ್ಣವನ್ನು ನೆರೆಮನೆಯವರೂ ಮೆಚ್ಚಿಕೊಂಡಿದ್ದರು. ಆದರೆ ಊಟವಾದಾಗಲೆಲ್ಲ ಅಮ್ಮ, "ಅಲ್ಲೇನೋ ಸಿಕ್ಕಿಕೊಳ್ಳುತ್ತದೆ ಕಣೋ" ಎನ್ನುತ್ತಿದ್ದರು. ಈ ವರ್ಷ ಕ್ಯಾಪು ಕಳಚಿ ಕೈಗೆ ಬಂದಿತು. ಬೇರೊಬ್ಬ ವೈದ್ಯರು ಪರೀಕ್ಷಿಸಿ, ಕ್ಯಾಪಿನ ಅಂಚು ಹಲ್ಲಿಗೆ ಒಂದು ಕಡೆ ಕೂಡಿಕೊಂಡೇ ಇರಲಿಲ್ಲವೆಂದೂ, ಆ ಸಂದಿಯ ಮೂಲಕ ಒಳಗೆ ಹುಳುಕು ಹತ್ತಿದೆಯೆಂದೂ ತಿಳಿಸಿದರು. "ಇನ್ನೊಂದು ಸಲ ಕ್ಯಾಪ್ ನಿಲ್ಲುವಷ್ಟು ಹಲ್ಲು ಉಳಿದಿದೆ. ಮತ್ತೊಂದು ಸಲಕ್ಕೆ ಉಳಿಯಲಾರದು" ಎಂದರು. ಅರವತ್ತೆಂಟರ ವಯಸ್ಸಿನಲ್ಲಿ, ಬಲಗಡೆಯ ಹಲ್ಲುಗಳನ್ನು ಆಗಲೇ ಕಳೆದುಕೊಂಡವರಿಗೆ, ಇದು ಸಣ್ಣ ಮಾತಲ್ಲ.

ಕ್ಯಾಪ್ ಹಾಕುವ ಮುನ್ನ ವೈದ್ಯರು ಹಲ್ಲನ್ನು ಸುತ್ತಲೂ ಅರೆದು ಕಿರಿದು ಮಾಡುವರಷ್ಟೆ. ಅರೆದ ಭಾಗ ಮುಗಿದು ಅರೆಯದ ಭಾಗ ಮೊದಲಾಗುವಲ್ಲಿ ಒಂದು ಗೆರೆ ಏರ್ಪಡುತ್ತದೆ. ಅದಕ್ಕೆ ಅವರ ಭಾಷೆಯಲ್ಲಿ ಮಾರ್ಜಿನ್ ಎಂದು ಹೆಸರು. ಡಬ್ಬಿಯ ಬಾಯಿಗೆ ಮುಚ್ಚಳ ಕೂಡುವಂತೆ ಕ್ಯಾಪಿನ ಅಂಚು ಈ ಗೆರೆಯ ಮೇಲೆ ಕೂಡಬೇಕು. ಮೆಕ್ಲೀನ್ ಮತ್ತು ಫಾನ್ ಫ್ರಾನ್‌ಹೋಫರ್ ಎಂಬ ಇಬ್ಬರು ವಿದ್ವಾಂಸರು ಸಾವಿರಕ್ಕೂ ಹೆಚ್ಚು ಹಲ್ಲಿನ ಕೆಲಸಗಳನ್ನು ಐದು ವರ್ಷಗಳ ಕಾಲ ಪರಿಶೀಲಿಸಿ, ಸಂದಿಯು 120 ಮೈಕ್ರಾನನ್ನು ಮೀರಬಾರದೆಂದು 1971ರಲ್ಲಿ ಬರೆದರು. ಒಂದು ಮಿಲಿಮೀಟರಿಗೆ 1000 ಮೈಕ್ರಾನು. ನಾವು ಬರೆಯುವ ಹಾಳೆಯೇ ಸುಮಾರು 100 ಮೈಕ್ರಾನು ದಪ್ಪವಿರುತ್ತದೆ. ಎಂದರೆ ಹಾಳೆಯೊಂದರ ದಪ್ಪಕ್ಕಿಂತ ತುಸು ಹೆಚ್ಚು. ಅಷ್ಟೇ ಮನ್ನಿಸಬಹುದಾದ ಅಪರಾಧ!

ನನ್ನ ಭಾವಮೈದುನನು ಕ್ಯಾಪುಗಳನ್ನು ತಯಾರಿಸುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಾನೆ. ಅಮ್ಮನ ಹಲ್ಲಿನ ಅಳತೆಯೂ ಅಲ್ಲಿಗೇ ಹೋಗಿದ್ದುದರಿಂದ ಒಂದು ಸಂಜೆ ನಾನೂ ಹೋದೆನು. ರಬ್ಬರಿನಂತಹ ಸಿಲಿಕೋನಿನಲ್ಲಿ ತೆಗೆದ ಅಚ್ಚಿಗೆ ಗಟ್ಟಿಯಾದ ಸ್ಟೋನ್ ಪ್ಲಾಸ್ಟರನ್ನು ಹುಯ್ದು ಹಲ್ಲಿನ ಪ್ರತಿಯನ್ನು ಮಾಡುತ್ತಾರೆ. ಇದೇ ಡೈ. ಹಿಂದೆ ಇದರ ಮೇಲೆ ಮೇಣದಲ್ಲಿ ಕ್ಯಾಪನ್ನು ತಿದ್ದುತ್ತಿದ್ದರು. ಈಗ ಅನೇಕ ಕಡೆ ಡೈಯನ್ನು ಸ್ಕ್ಯಾನರಿನಲ್ಲಿಟ್ಟು ಅದರ ರೂಪವನ್ನು ಕಂಪ್ಯೂಟರಿಗೆ ಇಳಿಸಿ, ಅಲ್ಲಿಯೇ ಕ್ಯಾಪನ್ನು ರಚಿಸಿ, ಯಂತ್ರದಿಂದ ಕೊರೆಯಿಸುತ್ತಾರೆ. ಹಲ್ಲಿನ ಅಳತೆಯನ್ನು ಬೆಳಕಿನಿಂದ ತೆಗೆಯುವ ಕಲ್ಪನೆಯನ್ನು ಫ್ರಾನ್ಸಿನ ಫ್ರಾಂಸ್ವಾ ದ್ಯುರೆ ಎಂಬವರು 1973ರಲ್ಲಿಯೇ ತಮ್ಮ ಪ್ರಬಂಧದಲ್ಲಿ ಮಂಡಿಸಿದ್ದರಂತೆ.

ಪೆಟ್ಟಿಗೆಯಂತಹ ಆ ಯಂತ್ರದೊಳಗೆ ನೀಲಿ ಬೆಳಕಿನ ಪಟ್ಟೆಗಳು ಡೈಯ ಮೇಲೆ ಹರಿಯುತ್ತಿದ್ದವು. ಕಿಟಕಿಯ ಸರಳುಗಳ ನೆರಳು ಮೆಟ್ಟಿಲ ಮೇಲೆ ಬಿದ್ದಾಗ ಮುರಿದು ಕಾಣುವುದಷ್ಟೆ? ಹಾಗೆಯೇ ಈ ಪಟ್ಟೆಗಳು ಹಲ್ಲಿನ ಏರುತಗ್ಗಿನ ಮೇಲೆ ಬಾಗುತ್ತವೆ. ಎಷ್ಟು ಬಾಗಿದವೆಂಬುದನ್ನು ಕ್ಯಾಮೆರಾಗಳು ನೋಡಿ, ಲೆಕ್ಕ ಹಾಕಿ, ಆಕಾರವನ್ನು ಬರೆದುಕೊಳ್ಳುತ್ತವೆ. ನಾನು ಬೆರಗಾಗಿ, "ಇನ್ನೇನಯ್ಯ, ಎಲ್ಲವನ್ನೂ ಯಂತ್ರವೇ ನೋಡಿಕೊಳ್ಳುತ್ತದೆ!" ಎಂದೆನು.

"ಇಲ್ಲ ಭಾವ, ನಾವು ತೋರಿಸಿದಷ್ಟನ್ನೇ ಅದು ನೋಡುವುದು" ಎಂದು ಅವನು ನಕ್ಕನು.

ತೋರಿಸುವ ಕ್ರಮವನ್ನು ಅವನು ವಿವರಿಸಿದನು. ಗೆರೆಯ ಕೆಳಗಿನ ಪ್ಲಾಸ್ಟರನ್ನು ಭೂತಗನ್ನಡಿಯಲ್ಲಿ ನೋಡುತ್ತ ಸಣ್ಣ ಬರ್‌ನಿಂದ ಕೊರೆದು ತೆಗೆಯಬೇಕು. ಆಗ ಅಂಚು ಜಗಲಿಯ ತುದಿಯಂತೆ ಎದ್ದು ನಿಲ್ಲುತ್ತದೆ. ಬರ್ ಒಂದಿಷ್ಟು ಜಾರಿದರೆ ಅಂಚೇ ಹಾರಿಹೋಗುತ್ತದೆ. ಹೊಳೆಯುವ ವಸ್ತುವೂ ಕಪ್ಪು ವಸ್ತುವೂ ಸ್ಕ್ಯಾನರಿಗೆ ಶತ್ರುಗಳು. ಮೊದಲನೆಯದು ಬೆಳಕನ್ನು ಎಲ್ಲೆಲ್ಲಿಗೋ ಎಸೆಯುತ್ತದೆ, ಎರಡನೆಯದು ನುಂಗಿಬಿಡುತ್ತದೆ. ಸೀಸದ ಕಡ್ಡಿಯ ಗೆರೆಯಲ್ಲಿ ಈ ಎರಡು ದೋಷಗಳೂ ಉಂಟು. ಆದುದರಿಂದ ಅವನು ಸ್ಕ್ಯಾನಿಗೆ ಮೊದಲು ಅಂಚಿನ ಮೇಲೆ ಪೆನ್ಸಿಲನ್ನು ಆಡಿಸುವುದಿಲ್ಲ. ಹೊಳಪನ್ನು ಅಡಗಿಸಲು ಬಿಳಿಯ ಪುಡಿಯನ್ನು ಸಿಂಪಡಿಸುವುದುಂಟು. ಆದರೆ ಅದು ಹೆಚ್ಚಾದರೆ ಚೂಪಾದ ಅಂಚಿನ ಮೇಲೆ ಕೂತು ಅದನ್ನು ದುಂಡಗಾಗಿಸುತ್ತದೆ. ಇಡೀ ದವಡೆಯ ಜೊತೆಗೆ ಒಮ್ಮೆ ಓದಿಸಿದರೆ ಸಾಲದು. ಪಕ್ಕದ ಹಲ್ಲುಗಳ ಮರೆ ಬೀಳುವುದರಿಂದ ಡೈಯನ್ನು ಹೊರತೆಗೆದು, ಒಂಟಿಯಾಗಿ ನಿಲ್ಲಿಸಿ, ಓರೆ ಮಾಡಿ, ತಿರುಗಿಸಿ ಮತ್ತೆ ಓದಿಸಬೇಕು. ಯಂತ್ರವನ್ನು ಮೊದಲು ಬೆಚ್ಚಗಾಗಲು ಬಿಡಬೇಕು. ಅಳತೆಯ ಫಲಕವನ್ನಿಟ್ಟು ಆಗಾಗ ಕ್ಯಾಲಿಬ್ರೇಷನ್ ಮಾಡಬೇಕು. ತಕ್ಕಡಿಯನ್ನು ಪರೀಕ್ಷಿಸದ ಅಕ್ಕಸಾಲಿಗನ ತೂಕವನ್ನು ಯಾರು ನಂಬುವರು?

ಇಷ್ಟೆಲ್ಲ ಮಾಡಿದ ಮೇಲೆ ಅಮ್ಮನ ಹಲ್ಲು ತೆರೆಯ ಮೇಲೆ ಮೂಡಿತು. ನುಣುಪಾಗಿ, ಸುಂದರವಾಗಿ, ಎಲ್ಲಿಯೂ ಊನವಿಲ್ಲದಂತೆ ಕಂಡಿತು. ಕಂಪ್ಯೂಟರು ತಾನಾಗಿಯೇ ಅಂಚಿನ ಸುತ್ತ ಒಂದು ಗೆರೆಯನ್ನೂ ಎಳೆದುಕೊಟ್ಟಿತು. ನಾನಾಗಿದ್ದರೆ ಅಲ್ಲಿಗೇ ಕೈಮುಗಿಯುತ್ತಿದ್ದೆನು. ಭಾವಮೈದುನನು ಮಾತ್ರ ಚಿತ್ರವನ್ನು ಹಿಗ್ಗಿಸಿ, ನಾಲಗೆಯ ಕಡೆಯ ಒಂದು ಮೂಲೆಯನ್ನು ತೋರಿಸಿ, "ಇಲ್ಲಿ ತೀರ ನುಣುಪಾಗಿದೆ ಭಾವ. ಇಷ್ಟು ನುಣುಪಾಗಿದ್ದರೆ ನನಗೆ ಅನುಮಾನ" ಎಂದನು. ಬೆಳಕು ತಲುಪದ ಕಡೆ ಚಿತ್ರದಲ್ಲಿ ತೂತು ಬೀಳುತ್ತದೆಯಂತೆ. ಕಂಪ್ಯೂಟರು ಅಕ್ಕಪಕ್ಕದ ರೂಪವನ್ನು ನೋಡಿ ಆ ತೂತನ್ನು ತಾನೇ ತೇಪೆ ಹಾಕಿ ಮುಚ್ಚಿಬಿಡುತ್ತದೆಯಂತೆ.

ಇದನ್ನು ಕೇಳಿ ನನ್ನ ಕಿವಿ ನೆಟ್ಟಗಾಯಿತು. ಇದು ನನ್ನ ಶಾಸ್ತ್ರದ ಮಾತು! ಓಲೆಗರಿ ಮುರಿದು ಅಕ್ಷರಗಳು ಹೋದಲ್ಲಿ ನಾವು ಗ್ರಂಥಪಾತವೆಂದು ಚುಕ್ಕೆಗಳನ್ನಿಡುತ್ತೇವೆ. ಊಹಿಸಿ ತುಂಬಿದರೆ ಆ ಅಕ್ಷರಗಳನ್ನು ಕಂಸದೊಳಗೆ ಹಾಕುತ್ತೇವೆ. ಕವಿ ಬರೆದುದು ಯಾವುದು, ಸಂಪಾದಕನು ಸೇರಿಸಿದುದು ಯಾವುದು ಎಂಬುದು ಓದುಗನಿಗೆ ತಿಳಿಯಬೇಕಲ್ಲವೆ? ಈ ಯಂತ್ರಕ್ಕೆ ಊಹಿಸುವ ವಿದ್ಯೆ ಬಂದಿದೆ. ಕಂಸ ಹಾಕುವ ಸಂಕೋಚ ಬಂದಿಲ್ಲ. ಕಂಡುದನ್ನೂ ಕಾಣದುದನ್ನೂ ಒಂದೇ ಬಣ್ಣದಲ್ಲಿ ತೋರಿಸುತ್ತದೆ. ಆ ಊಹೆಯ ಮೇಲೆ ಕೊರೆದ ಕ್ಯಾಪು ತೆರೆಯ ಮೇಲಿನ ಹಲ್ಲಿಗೆ ಸೊಗಸಾಗಿ ಕೂಡುತ್ತದೆ. ಅಮ್ಮನ ಹಲ್ಲಿಗೆ ಕೂಡುವುದಿಲ್ಲ.

ಅವನು ಡೈಯನ್ನು ಇನ್ನೂ ಓರೆಯಾಗಿಟ್ಟು ಆ ಮೂಲೆಯನ್ನೇ ಮತ್ತೆ ಓದಿಸಿದನು. ಆದರೂ ಗೆರೆ ಸ್ಪಷ್ಟವಾಗಲಿಲ್ಲ. ಭೂತಗನ್ನಡಿಯಲ್ಲಿ ಡೈಯನ್ನೇ ನೋಡಿದಾಗ ಕಾರಣ ತಿಳಿಯಿತು. ಅಲ್ಲಿ ಒಸಡು ಅಂಚಿನ ಮೇಲೆ ಒರಗಿದ್ದುದರಿಂದ ಅಚ್ಚಿನಲ್ಲಿಯೇ ಗೆರೆ ಮೂಡಿರಲಿಲ್ಲ. ಮೂಲಪ್ರತಿಯಲ್ಲಿಯೇ ಇಲ್ಲದ ಅಕ್ಷರವನ್ನು ಯಾವ ಸ್ಕ್ಯಾನರು ಓದೀತು? ಅವನು ಆಗಲೇ ವೈದ್ಯರಿಗೆ ಫೋನು ಮಾಡಿ ಹೊಸ ಅಳತೆ ಬೇಕೆಂದನು.

ಅಮ್ಮನಿಗೆ ಇದು ಹಿಡಿಸಲಿಲ್ಲ. "ಮತ್ತೆ ಆ ಅಂಟನ್ನು ಬಾಯಿಗೆ ತುಂಬುವರೇ? ಗೋಕುಲಾಷ್ಟಮಿಗೆ ನಾನು ಚಕ್ಕುಲಿ ಕಡಿದ ಹಾಗೆಯೇ!" ಎಂದು ಮುನಿಸಿಕೊಂಡರು. ವೈದ್ಯರು ಒಸಡಿನ ಸುತ್ತ ದಾರವನ್ನಿಟ್ಟು ಅದನ್ನು ಹಿಂದೆ ಸರಿಸಿ, ರಕ್ತ ಜಿನುಗದಂತೆ ನೋಡಿಕೊಂಡು ಎರಡನೆಯ ಅಳತೆ ತೆಗೆದರು. ಹಬ್ಬ ಕಳೆದ ನಾಲ್ಕನೆಯ ದಿನ ಕ್ಯಾಪು ಬಂದಿತು. ವೈದ್ಯರು ಸೂಜಿಯಂತಹ ಸಲಾಕೆಯನ್ನು ಅಂಚಿನ ಸುತ್ತ ಆಡಿಸಿದರು. ಅದು ಎಲ್ಲಿಯೂ ತೊಡರಲಿಲ್ಲ. ಡಬ್ಬಿಯಲ್ಲಿ ಎತ್ತಿಟ್ಟಿದ್ದ ಚಕ್ಕುಲಿ ಮೆತ್ತಗಾಗಿತ್ತೆಂಬುದೊಂದೇ ಅಮ್ಮನಿಗೆ ಉಳಿದ ದೂರು. ನಿಮ್ಮಲ್ಲಿ ಯಾರನ್ನಾದರೂ ಎರಡನೆಯ ಸಲ ಅಳತೆಗೆ ಕರೆದರೆ ದಯವಿಟ್ಟು ಸಿಡಿಮಿಡಿಗೊಳ್ಳಬೇಡಿ. ಎಲ್ಲಿಯೋ ಒಬ್ಬನು ನಿಮ್ಮ ಹಲ್ಲನ್ನು ಊಹಿಸಲು ಒಪ್ಪಿಲ್ಲವೆಂದು ತಿಳಿಯಿರಿ.

ಮೊನ್ನೆ ಮತ್ತೆ ಲ್ಯಾಬಿಗೆ ಹೋಗಿದ್ದಾಗ ಅವನ ಮೇಜಿನ ಮೇಲೆ ಹತ್ತು ಹನ್ನೆರಡು ಡೈಗಳಿದ್ದವು. ಅವುಗಳಿಗೆ ಹೆಸರಿಲ್ಲ, ಸಂಖ್ಯೆ ಮಾತ್ರ. ಅಕ್ಕನ ಅತ್ತೆಯೆಂದು ಅಂದು ಅಷ್ಟು ಶ್ರಮ ಪಟ್ಟೆಯೋ, ಇವಕ್ಕೂ ಹಾಗೆಯೇ ಮಾಡುವೆಯೋ ಎಂದು ಕೇಳಿದೆನು.

"ಇವತ್ತು ಬೆಳಿಗ್ಗೆ ಎರಡನ್ನು ವಾಪಸು ಕಳಿಸಿದ್ದೇನೆ ಭಾವ. ಒಬ್ಬ ಡಾಕ್ಟರು ಫೋನಿನಲ್ಲಿ ಚೆನ್ನಾಗಿ ಬೈದರು" ಎಂದು ಹೇಳಿ, ಮುಂದಿನ ಡೈಯನ್ನು ಕೈಗೆತ್ತಿಕೊಂಡು ಭೂತಗನ್ನಡಿಯ ಕೆಳಗೆ ಹಿಡಿದನು.