ಹನ್ನೆರಡು ಮಂದಿಯ ಹಡಗು

ಎಂಟನೇ ತರಗತಿಗೆ ತೇಲುವಿಕೆಯ ಪಾಠ ಮಾಡುವಾಗ ಪ್ರತಿವರ್ಷ ಒಬ್ಬನಾದರೂ ಕೇಳುತ್ತಾನೆ: 'ಸಾರ್, ಸೂಜಿ ಮುಳುಗುತ್ತೆ, ಅಷ್ಟು ದೊಡ್ಡ ಕಬ್ಬಿಣದ ಹಡಗು ಯಾಕೆ ಮುಳುಗಲ್ಲ?' ಹಡಗು ತನ್ನ ತೂಕದಷ್ಟು ನೀರನ್ನು ಪಕ್ಕಕ್ಕೆ ತಳ್ಳಿ ತೇಲುತ್ತದೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸುತ್ತೇನೆ. ಆಮೇಲೆ, ಪಠ್ಯಪುಸ್ತಕದಲ್ಲಿಲ್ಲದ ಒಂದು ಹಡಗಿನ ಕಥೆ ಹೇಳುತ್ತೇನೆ.

ಅದರ ಹೆಸರು 'ವೈನರ್ ಬ್ರೂಕ್'. 1928ರಲ್ಲಿ ಸ್ಕಾಟ್ಲೆಂಡಿನ ಲೀತ್‌ನಲ್ಲಿ ಕಟ್ಟಿದ ಪುಟ್ಟ ಉಗಿಹಡಗು. ಸರವಾಕಿನ ರಾಜನ ಹೆಸರು ಹೊತ್ತು ಸಿಂಗಪುರಕ್ಕೂ ಕುಚಿಂಗ್‌ಗೂ ನಡುವೆ ಜನರನ್ನೂ ಸರಕನ್ನೂ ಸಾಗಿಸುತ್ತಿತ್ತು. ಸಾಮಾನ್ಯವಾಗಿ ಒಯ್ಯುತ್ತಿದ್ದದ್ದು 12 ಪ್ರಯಾಣಿಕರನ್ನಷ್ಟೇ. ಎರಡನೇ ಮಹಾಯುದ್ಧ ಬಂದಾಗ ಬ್ರಿಟಿಷ್ ನೌಕಾಪಡೆ ಅದನ್ನು ವಶಕ್ಕೆ ತೆಗೆದುಕೊಂಡು, ಬೂದು ಬಣ್ಣ ಬಳಿದು, ಮುಂಭಾಗದಲ್ಲೊಂದು ಫಿರಂಗಿ ಕೂರಿಸಿತು. ಬಣ್ಣ ಬದಲಾದರೆ ಹಡಗಿನ ಒಡಲು ಬದಲಾದೀತೆ?

1942ರ ಫೆಬ್ರುವರಿ 12ರಂದು, ಸಿಂಗಪುರ ಇನ್ನೇನು ಜಪಾನೀಯರ ಕೈಸೇರುತ್ತದೆ ಎನ್ನುವಾಗ, ಅದರಲ್ಲಿ 180ಕ್ಕೂ ಹೆಚ್ಚು ಜನ ತುಂಬಿಕೊಂಡು ಹೊರಟರು. ಹೆಂಗಸರು, ಮಕ್ಕಳು, ಜೊತೆಗೆ ಆಸ್ಟ್ರೇಲಿಯಾ ಸೇನೆಯ 65 ನರ್ಸುಗಳು. 14ರಂದು ಬಾಂಕಾ ಜಲಸಂಧಿಯಲ್ಲಿ ಜಪಾನಿ ವಿಮಾನಗಳು ಬಾಂಬು ಹಾಕಿದವು. ಗಾಳಿಯಿದ್ದ ಜಾಗಕ್ಕೆ ನೀರು ನುಗ್ಗಿದರೆ ಯಾವ ಹಡಗೂ ಉಳಿಯದು; ಅರ್ಧ ಗಂಟೆಯೊಳಗೆ ಮುಳುಗಿತು. ನರ್ಸುಗಳು ಮಿಕ್ಕವರನ್ನು ಇಳಿಸಿ ಕೊನೆಗೆ ತಾವು ಇಳಿದರು. 12 ಮಂದಿ ಕಡಲಲ್ಲೇ ಹೋದರು.

16ರಂದು, ಬಾಂಕಾ ದ್ವೀಪದ ದಂಡೆ ಸೇರಿದ್ದ 22 ನರ್ಸುಗಳನ್ನು ಜಪಾನಿ ಸೈನಿಕರು ಸಮುದ್ರದೊಳಕ್ಕೆ ನಡೆಸಿ ಹಿಂದಿನಿಂದ ಗುಂಡು ಹಾರಿಸಿದರು. ಬದುಕಿದವರು ವಿವಿಯನ್ ಬುಲ್‌ವಿಂಕಲ್ ಒಬ್ಬರೇ. ಸೊಂಟದ ಬಳಿ ಗುಂಡು ತಗುಲಿದ್ದರೂ ಸತ್ತವರಂತೆ ತೇಲಿದರು. ಆಮೇಲೆ ಕಾಡಿನಲ್ಲಿ ಅವಿತುಕೊಂಡು, ಗಾಯಗೊಂಡಿದ್ದ ಬ್ರಿಟಿಷ್ ಸೈನಿಕನೊಬ್ಬನ ಆರೈಕೆ ಮಾಡಿದರು! ಸೆರೆಯಾದ 32 ನರ್ಸುಗಳಲ್ಲಿ 8 ಮಂದಿ ಶಿಬಿರಗಳಲ್ಲಿ ತೀರಿಕೊಂಡರು. 1945ರಲ್ಲಿ ಊರಿಗೆ ಮರಳಿದವರು 24. ಮರುವರ್ಷ ಬುಲ್‌ವಿಂಕಲ್ ಟೋಕಿಯೊ ಯುದ್ಧಾಪರಾಧ ವಿಚಾರಣೆಯಲ್ಲಿ ಸಾಕ್ಷಿ ನುಡಿದರು.

ಕಥೆ ಮುಗಿದಾಗ ತರಗತಿ ಗಪ್‌ಚಿಪ್. ನನಗೂ ಒಂದು ಹೆಮ್ಮೆ. ಆದರೆ ಇಂಥ ಕಥೆ ವರ್ಷಾವರ್ಷ ಹೇಳುತ್ತಿದ್ದ ನಾನೇ, ಮಗಳು ನರ್ಸಿಂಗ್ ಸೇರುತ್ತೇನೆ ಎಂದಾಗ ಎರಡು ತಿಂಗಳು ಅವಳೊಂದಿಗೆ ಸರಿಯಾಗಿ ಮಾತಾಡಿರಲಿಲ್ಲ. ರಾತ್ರಿ ಪಾಳಿ, ಅಂಟುರೋಗ, ನೆಂಟರ ಮಾತು - ಕಾರಣಗಳಿಗೇನು ಕೊರತೆ?

ಈಗ ಅವಳು ರಾತ್ರಿ ಪಾಳಿಗೆ ಹೊರಟಾಗ ಬಸ್ ಸ್ಟಾಪಿನವರೆಗೆ ಟಾರ್ಚ್ ಹಿಡಿದು ಜೊತೆಗೆ ಹೋಗುತ್ತೇನೆ. ಮೊನ್ನೆ ಕೇಳಿಯೇಬಿಟ್ಟೆ, 'ಅದ್ಯಾಕಮ್ಮಾ ಇದನ್ನೇ ಆರಿಸಿಕೊಂಡೆ?'

'ಎಂಟನೇ ಕ್ಲಾಸಿನಲ್ಲಿ ಆ ಕಥೆ ಹೇಳಿದ್ದು ನೀವೇ ಅಲ್ವಾ ಅಪ್ಪಾ?' ಎಂದಳು. ಅಷ್ಟರಲ್ಲಿ ಬಸ್ಸು ಬಂತು.